ತಂಬಿಗಿ ದಾಸರ ಅರ್ಧ ಪದ

ನಮ್ಮ ಮನೆಯಲ್ಲಿ ಒಂದು ತಾಮ್ರದ ತಂಬಿಗೆ ಇದೆ. ಕುತ್ತಿಗೆಯ ಹತ್ತಿರ ನೆಗ್ಗಿದೆ, ತಳದಲ್ಲಿ ಸೂಜಿಮೊನೆಯಷ್ಟು ತೂತಿದೆ. ಹೋದ ವಾರ ಪಕ್ಕದ ಮನೆಯವರು ಸಕ್ಕರೆ ಕೇಳಲು ಬಂದವರು ಅದನ್ನು ನೋಡಿ, ಚಪ್ಪಲಿ ಬಿಟ್ಟು, ಕೈಮುಗಿದು, ಕೆನ್ನೆ ತಟ್ಟಿಕೊಂಡು ಹೋದರು. ಸಕ್ಕರೆ ಮರೆತೇಬಿಟ್ಟರು. ನಾನು ನಗಲೂ ಇಲ್ಲ, ತಡೆಯಲೂ ಇಲ್ಲ. ಆ ತಂಬಿಗೆಗೆ ಜನ ಕೈಮುಗಿಯುವ ಹಾಗೆ ಮಾಡಿದವಳು ನಾನೇ ಆದ್ದರಿಂದ ನಗುವ ಹಕ್ಕು ನನಗಿಲ್ಲ.

ಹೇಳುತ್ತೇನೆ ಕೇಳಿ. ಎಂಬತ್ತರ ದಶಕದ ನಡುವಿನಲ್ಲಿ ನಮ್ಮವರಿಗೆ ವಿಶಾಖಪಟ್ಟಣಕ್ಕೆ ವರ್ಗವಾಯಿತು. ದಾಸರು ತಂಬೂರಿ ಹಿಡಿದು ಊರೂರು ಅಲೆದರೆ ಅದಕ್ಕೆ ಸಂಚಾರ ಎನ್ನುತ್ತೇವೆ, ಕಣ್ಣೀರು ಹಾಕುತ್ತೇವೆ. ಬ್ಯಾಂಕಿನವನ ಹೆಂಡತಿ ಗ್ಯಾಸ್ ಸ್ಟವ್ ಹಿಡಿದು ಊರೂರು ಅಲೆದರೆ ಅದಕ್ಕೆ ಟ್ರಾನ್ಸ್‌ಫರ್ ಎಂದು ಹೆಸರು, ಕಣ್ಣೀರು ಹಾಕುವವರು ಯಾರೂ ಇಲ್ಲ. ದ್ವಾರಕಾ ನಗರದಲ್ಲಿ, ಬ್ಯಾಂಕಿನ ಹಿಂದಿನ ಬೀದಿಯಲ್ಲೇ ಮನೆ ಸಿಕ್ಕಿತು. ಮನೆ ಸಿಕ್ಕ ಮೂರನೇ ತಿಂಗಳಿಗೆ ಗದಗದಿಂದ ನಮ್ಮ ಅತ್ತೆ ಗಂಗಾಬಾಯಿ ಒಂದು ಕಬ್ಬಿಣದ ಟ್ರಂಕು ಮತ್ತು ಈ ತಂಬಿಗೆಯೊಂದಿಗೆ ಬಂದಿಳಿದರು.

ನಾನು ಮೈಸೂರು ಕಡೆಯವಳು. ಅತ್ತೆಯ ಲೆಕ್ಕದಲ್ಲಿ ಮೈಸೂರಿನವರೆಂದರೆ ಕನ್ನಡ ಕಲಿಯುತ್ತಿರುವವರು. ಬಂದ ದಿನವೇ ನಾನು ತಂಬಿಗೆ ತೊಳೆಯಲು ಹೋದೆ.

"ಮುಟ್ಟಬ್ಯಾಡ. ಅದು ತಂಬಿಗಿ ದಾಸರದು" ಅಂದರು.

ತಂಬಿಗಿ ದಾಸರೆಂದರೆ ನಮ್ಮ ಮಾವನವರ ವಂಶದ ಹಿರಿಯರು, ಎಷ್ಟು ತಲೆಮಾರಿನ ಹಿಂದೋ ಯಾರಿಗೂ ಗೊತ್ತಿಲ್ಲ. ಅತ್ತೆ ಹೇಳುತ್ತಿದ್ದ ಅವರ ಚರಿತ್ರೆ ಇಷ್ಟೇ: ನಾಲ್ಕು ಜನ ಅಣ್ಣತಮ್ಮಂದಿರು ಮನೆ ಹಿಸ್ಸೆ ಮಾಡಿಕೊಂಡರು. ಮೂವರು ಹೊಲ, ಮನೆ, ದನಕರು ಹಂಚಿಕೊಂಡು ನಾಲ್ಕನೆಯವನ ಕೈಗೆ ಒಂದು ತಂಬಿಗೆ ಕೊಟ್ಟರು. ಅವನು ಅದನ್ನು ಹಿಡಿದುಕೊಂಡು ಸಿಂಹಾಚಲದವರೆಗೂ ನಡೆದುಬಂದು, ನರಸಿಂಹನ ಎದುರು ನಿಂತು ಒಂದು ಪದ ಹಾಡಿದ.

"ಅವರವರ ಪಾಲು ಅವರವರಿಗಾಯ್ತಯ್ಯ,
ಎನ್ನ ಪಾಲೆಲ್ಲಿಟ್ಟೆ ಸಿಂಹಾದ್ರಿಯೊಡೆಯಾ?"

"ಆಮೇಲೆ ದೇವರು ಏನು ಕೊಟ್ಟ?" ಎಂದೆ.

"ಏನೂ ಕೊಡಲಿಲ್ಲ."

"ಮತ್ತೆ ದಾಸರು?"

"ಅಲ್ಲೇ ಇದ್ದರು. ಕೇಳಕೋತ ಇದ್ದರು. ಅವರು ಹೋದ ಮ್ಯಾಲೆ ತಂಬಿಗಿ ಅಷ್ಟs ಊರಿಗೆ ಬಂತು. ಮುಗೀತು ಕಥಿ."

ಇದೂ ಒಂದು ಸಂತಚರಿತ್ರೆಯೇ? ನನಗಂತೂ ನಿರಾಸೆಯಾಯಿತು. ಒಂದು ಪವಾಡವಿಲ್ಲ, ಒಂದು ಕನಸಿಲ್ಲ, ರಾಜನೊಬ್ಬ ಬಂದು ಕಾಲಿಗೆ ಬೀಳುವುದಿಲ್ಲ. ನೀವೇ ಗಮನಿಸಿರಬಹುದು, ಸಂತನಾಗಬೇಕಾದರೆ ಮನುಷ್ಯ ಮೊದಲು ಚೆನ್ನಾಗಿ ಕೆಟ್ಟಿರಬೇಕು. ಜಿಪುಣನೋ ಕಳ್ಳನೋ ಲಂಪಟನೋ ಆಗಿದ್ದು ಒಂದು ದಿನ ಕಣ್ಣು ತೆರೆಯಬೇಕು. ಮೊದಲಿನಿಂದಲೂ ಒಳ್ಳೆಯವನಾಗಿದ್ದರೆ ಅವನಿಗೆ ಸಂತನಾಗುವ ಯೋಗವಿಲ್ಲ. ನಮ್ಮವರು ಮೊದಲಿನಿಂದಲೂ ಒಳ್ಳೆಯವರು, ಹಾಗಾಗಿ ಬ್ಯಾಂಕಿಗೆ ಸೇರಿದರು. ಇನ್ನು ಸಂತರ ಹೆಂಡತಿಯರು. ಹೇಳದೆ ಕೇಳದೆ ಇಪ್ಪತ್ತು ಜನರನ್ನು ಊಟಕ್ಕೆ ಕರೆತರುವವನು ಸಂತ, ಡಬ್ಬಿಯಲ್ಲಿ ಅಕ್ಕಿ ಇಲ್ಲ ಎಂದವಳು ಗಯ್ಯಾಳಿ. ಡಬ್ಬಿ ನೋಡಿದವಳು ಅವಳೊಬ್ಬಳೇ ಎಂಬುದನ್ನು ಯಾವ ಪುಣ್ಯಾತ್ಮನೂ ಬರೆದಿಲ್ಲ.

ಅತ್ತೆಗೆ ಮಾತ್ರ ಆ ಎರಡು ಸಾಲು ಬರೀ ಪದವಾಗಿರಲಿಲ್ಲ. ಮಾವನವರು ತೀರಿಕೊಂಡಾಗ ನಮ್ಮವರಿಗೆ ಆರು ವರ್ಷ. ಅತ್ತೆಯ ಭಾವಂದಿರೂ ಹಿಸ್ಸೆ ಮಾಡಿಕೊಂಡರು. "ಹುಡುಗ ದೊಡ್ಡವ ಆಗಲಿ, ಆಮ್ಯಾಲೆ ನೋಡೂಣು" ಎಂದು ಹೇಳಿ, ಸದ್ಯಕ್ಕಿರಲಿ ಎಂದು ತೂತುಬಿದ್ದ ಈ ತಂಬಿಗೆಯನ್ನು ಕೊಟ್ಟರು. ಹುಡುಗ ದೊಡ್ಡವನಾದ, ಕನ್ನಡಕ ಬಂತು, ತಲೆ ನರೆಯಿತು, ಅವರು ಇನ್ನೂ ನೋಡುತ್ತಲೇ ಇದ್ದಾರೆ. ಹಪ್ಪಳ ಮಾಡಿ ಮಾರಿ ಮಗನನ್ನು ಓದಿಸಿದ ಅತ್ತೆ ಯಾರ ಮನೆಯ ಬಾಗಿಲಿಗೂ ಹೋಗಿ ಜಗಳವಾಡಲಿಲ್ಲ. ದಿನಾ ಬೆಳಿಗ್ಗೆ ದೇವರ ಮುಂದೆ ಆ ಎರಡು ಸಾಲು ಹಾಡುತ್ತಿದ್ದರು, ಅಷ್ಟೆ. ಈಗ ಮಗನಿಗೆ ಸಾಕ್ಷಾತ್ ಸಿಂಹಾಚಲದ ಪಕ್ಕದಲ್ಲೇ ವರ್ಗವಾಗಿತ್ತು. ಆ ಪ್ರಶ್ನೆಯನ್ನು ಕೇಳಬೇಕಾದವನ ಎದುರೇ ನಿಂತು ಒಮ್ಮೆ ಕೇಳಬೇಕು ಎಂಬುದು ಅವರ ಆಸೆ.

ಸಿಂಹಾಚಲದ ದೇವರು ಗೊತ್ತಲ್ಲ? ವರ್ಷವಿಡೀ ಮೈತುಂಬ ಗಂಧ ಮೆತ್ತಿಕೊಂಡು ಕೂತಿರುತ್ತಾನೆ. ಮೂಗಿಲ್ಲ, ಕಣ್ಣಿಲ್ಲ, ಒಂದು ಗಂಧದ ಗುಡ್ಡೆ. ಅಕ್ಷಯ ತದಿಗೆಯ ಒಂದೇ ದಿನ ಗಂಧ ತೆಗೆದು ನಿಜರೂಪ ತೋರಿಸುತ್ತಾರೆ. ಮೊದಲ ಸಲ ನಾವು ಹೋದದ್ದು ಮಾಮೂಲಿ ಶನಿವಾರ. ಮೆಟ್ಟಿಲ ಬದಿಯಲ್ಲಿ ಸಂಪಿಗೆ, ಅನಾನಸು ಮಾರುತ್ತಿದ್ದರು. ಒಳಗೆ ಒಂದು ಕಂಬವಿದೆ, ಅದನ್ನು ಅಪ್ಪಿಕೊಂಡು ಬೇಡಿದರೆ ಇಷ್ಟಾರ್ಥ ಸಿದ್ಧಿಯಂತೆ. ನಾನು ಅಪ್ಪಿಕೊಂಡೆ, ವಾಪಸ್ ಮೈಸೂರಿಗೆ ವರ್ಗವಾಗಲಿ ಎಂದು ಬೇಡಿದೆ. ಅತ್ತೆಯನ್ನೂ ಕರೆದೆ. "ಗಂಡನ್ನs ನಾಕ್ ಮಂದಿ ಮುಂದ ಮುಟ್ಟಿದಾಕಿ ಅಲ್ಲ ನಾ. ಕಂಬಾ ಅಪ್ಪಿಕೋಬೇಕೇನು?" ಎಂದು ಮುಂದೆ ನಡೆದರು.

ಗರ್ಭಗುಡಿಯ ಎದುರು ನಮ್ಮ ಸರದಿ ಬಂತು. ಸಾಲು ಸರಿಸಲು ನಿಂತಿದ್ದ ಸ್ವಯಂಸೇವಕ ಅತ್ತೆಯ ಕಡೆ ತಿರುಗಿ ಬಹಳ ಮರ್ಯಾದೆಯಿಂದ, "ಪದಂಡಿ, ಪದಂಡಿ" ಅಂದ.

ಇಲ್ಲಿ ಒಂದು ವಿವರಣೆ ಬೇಕು. ತೆಲುಗಿನಲ್ಲಿ 'ಪದಂಡಿ' ಎಂದರೆ 'ನಡೆಯಿರಿ, ಮುಂದೆ ಹೋಗಿ' ಎಂದರ್ಥ. ಅತ್ತೆಯ ಸೀಮೆಯಲ್ಲಿ ಹಾಡಿಗೆ ಪದ ಎನ್ನುತ್ತಾರೆ, ಹಾಡುವುದಕ್ಕೆ 'ಪದಾ ಅನ್ನೂದು' ಎನ್ನುತ್ತಾರೆ. 'ಪದಾ ಅನ್ರಿ' ಎಂಬುದನ್ನು ಅವಸರದಲ್ಲಿ ಹೇಳಿದರೆ ಹೇಗೆ ಕೇಳುತ್ತದೆ ಎಂದು ನೀವೇ ಒಮ್ಮೆ ಹೇಳಿ ನೋಡಿ.

ಅತ್ತೆಯ ಮುಖ ಅರಳಿತು. ಸೆರಗು ಸರಿಮಾಡಿಕೊಂಡು, ಗಂಟಲು ಸರಿಪಡಿಸಿಕೊಂಡು, "ಅವರವರ ಪಾಲು ಅವರವರಿಗಾಯ್ತಯ್ಯ" ಎಂದು ಶುರುಮಾಡಿದರು. ಸ್ವಯಂಸೇವಕ ಕಂಗಾಲಾಗಿ ಇನ್ನೂ ಜೋರಾಗಿ "ಪದಂಡಮ್ಮಾ!" ಅಂದ. ಅತ್ತೆ ಇನ್ನೂ ಜೋರಾಗಿ ಹಾಡಿದರು. ಹಿಂದಿನವರು ನೂಕಿದರು. ಎರಡನೇ ಸಾಲು ಬಾಯಿಗೆ ಬರುವ ಮೊದಲೇ ನಾವೆಲ್ಲ ಹೊರಗೆ, ಪ್ರಸಾದದ ಸಾಲಿನಲ್ಲಿದ್ದೆವು.

"ನೋಡಿದಿಲ್ಲೋ?" ಎಂದು ಅತ್ತೆ ಮಗನಿಗೆ ಹೇಳಿದರು. ಕಣ್ಣಲ್ಲಿ ನೀರಿತ್ತು. "ನಮ್ಮ ಭಾಷಾದಾಗs ಪದಾ ಅನ್ರಿ ಅಂದ. ಯಾರು ಹೇಳಿದರು ಅವಗ? ಅರ್ಧs ಆತು, ಇರಲಿ. ಉಳಿದದ್ದು ಅವನ ಮಾರಿ ನೋಡೇ ಕೇಳ್ತೀನಿ, ಗಂಧಾ ತೆಗೆದ ದಿವಸ."

ನಮ್ಮವರು ನನ್ನನ್ನು ನೋಡಿದರು. ನಾನು ನಮ್ಮವರನ್ನು ನೋಡಿದೆ. ಎಂಟು ವರ್ಷದ ಮಗಳು ಪದ್ಮ ಬಾಯಿ ತೆರೆದಳು, ಅವಳ ಬಾಯಿಗೆ ಲಾಡು ತುರುಕಿದೆ. ಮನೆಯಲ್ಲಿ ಯಾರೂ ಅತ್ತೆಗೆ ಅರ್ಥ ಹೇಳಬಾರದೆಂದು ಒಪ್ಪಂದವಾಯಿತು. ಅದನ್ನು ಮುರಿದವಳು ಯಾರು ಎಂದು ಊಹಿಸಲು ನಿಮಗೆ ಕಷ್ಟವಾಗಲಾರದು.

ಮುಂದಿನ ಅಕ್ಷಯ ತದಿಗೆಗೆ ಪದ್ಮನಿಗೆ ಸೀತಾಳೆ ಸಿಡುಬು, ಅದರ ಮುಂದಿನದಕ್ಕೆ ನಮ್ಮವರಿಗೆ ಆಡಿಟ್ಟು. ಅಷ್ಟರಲ್ಲಿ ನಮ್ಮ ಕನ್ನಡ ಸಂಘದ ರಾಜ್ಯೋತ್ಸವ ಬಂತು. ಸಂಘದ ಕಾರ್ಯದರ್ಶಿ ವೆಂಕೋಬರಾಯರು ಬಳ್ಳಾರಿಯವರು, ಹೆಂಡತಿ ಭೀಮುನಿಪಟ್ಟಣದವರು. ಮೂವತ್ತು ವರ್ಷದ ದಾಂಪತ್ಯದಲ್ಲಿ ಅವರ ಕನ್ನಡ ಪೂರ್ತಿ ಅತ್ತೆಮನೆಗೆ ಹೋಗಿಬಿಟ್ಟಿತ್ತು. ತಂಬಿಗಿ ದಾಸರ ಸಂಗತಿ ಕೇಳಿದವರೇ ಕುಣಿದಾಡಿದರು. "ಏನಮ್ಮಾ ಇದು, ಮನೇಲೇ ಇಂಥ ಮಹಾತ್ಮರನ್ನ ಇಟ್ಕೊಂಡು ಸುಮ್ಮನಿದೀರಲ್ಲಂಡಿ! ನಾಟಕ ಬರೀರಿ. ಪಾಪ ಪದ್ಮನೇ ದಾಸರು ಆಗಲಿ." ಅವರ 'ಪಾಪ' ತೆಲುಗಿನದು, 'ಪುಟ್ಟಿ' ಎಂದರ್ಥ. ಮುಂದೆ ಆದದ್ದನ್ನು ನೋಡಿದರೆ ಕನ್ನಡದ ಅರ್ಥವೇ ಸರಿಯಾಗಿತ್ತು.

ನಾನು ಬರೆದೆ. ಅತ್ತೆಯ ನಾಲ್ಕು ವಾಕ್ಯದ ಚರಿತ್ರೆಯಿಂದ ನಾಟಕವಾಗುತ್ತದೆಯೇ? ದೇವರಿಗೆ ಗಂಧ ಮೆತ್ತಿದ ಹಾಗೆ ನಾನೂ ಮೆತ್ತುತ್ತಾ ಹೋದೆ. ದಾಸರಿಗೆ ಒಬ್ಬ ಗಯ್ಯಾಳಿ ಹೆಂಡತಿಯನ್ನು ಕೊಟ್ಟೆ, ಅದರ ಪಾಪ ನನಗೇ ಇರಲಿ. ದಾಸರು ನಸುಕಿನಲ್ಲಿ ತಂಬಿಗೆ ಹಿಡಿದು ಊರ ಹೊರಗೆ ಹೋಗುತ್ತಿದ್ದದ್ದು 'ಏಕಾಂತದಲ್ಲಿ ಪರಮಾತ್ಮನೊಡನೆ ಸಂವಾದಕ್ಕಾಗಿ' ಎಂದು ಬರೆದೆ. ಓದಿ ಹೇಳಿದಾಗ ಅತ್ತೆ ಕೈಯಲ್ಲಿದ್ದ ಹತ್ತಿ ಬತ್ತಿ ಕೆಳಗಿಟ್ಟರು.

"ಪರಮಾತ್ಮನ ಜೋಡಿ ಮಾತಾಡ್ಲಿಕ್ಕೆ ತಂಬಿಗಿ ನೀರು ಯಾಕ ಬೇಕವಾ?"

ಅವರ ಮಾತು ಕೇಳಿ ಅಲ್ಲಿಗೇ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ.

ನಾಟಕದ ದಿನ ಶಾಲೆಯೊಂದರ ಸಭಾಂಗಣ ತುಂಬಿತ್ತು. ಮುಕ್ಕಾಲು ಪಾಲು ಜನ ತೆಲುಗಿನವರು, ನಮ್ಮವರ ಬ್ಯಾಂಕಿನ ಸಿಬ್ಬಂದಿ ಸಮೇತ. ಪದ್ಮ ಗೋಪೀಚಂದನ ಹಚ್ಚಿಕೊಂಡು ತಂಬಿಗೆ ಹಿಡಿದು ಬಂದಳು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷು, ಬೀದಿಯಲ್ಲಿ ತೆಲುಗು ಆಡುವ ಮಗು ಅದು. ಮೂರರಲ್ಲಿ ಗೆಲ್ಲುವುದು ಯಾವಾಗಲೂ ಬೀದಿಯೇ. ಬೆಳಿಗ್ಗೆ ಬಾಗಿಲಲ್ಲಿ "ಪಾಲಂಡೀ" ಎಂದು ಕೂಗು ಬಂದರೆ ಪಾತ್ರೆ ಹಿಡಿದು ಓಡುತ್ತಿದ್ದವಳು ಅವಳೇ. ತೆಲುಗಿನ ಪಾಲು ನಮ್ಮ ಹಾಲು. ಹಾಗಾಗಿ ವೇದಿಕೆಯ ಮೇಲೆ "ಎನ್ನ ಪಾಲೆಲ್ಲಿಟ್ಟೆ" ಎಂದು ಹಾಡುತ್ತಾ ಮಗು ಹೊಟ್ಟೆ ಹಿಡಿದುಕೊಂಡು, ಹೆಬ್ಬೆರಳನ್ನು ಬಾಯಿಗೆ ತಂದು, ಹಸಿದ ಕೂಸು ಹಾಲು ಕೇಳುವ ಅಭಿನಯ ಮಾಡಿತು. ಹಾಗೆ ಮಾಡೆಂದು ನಾನು ಹೇಳಿಕೊಟ್ಟಿರಲಿಲ್ಲ. ಆದರೆ ಸಭೆಯಲ್ಲಿ ಸೆರಗುಗಳು ಕಣ್ಣಿಗೆ ಹೋದವು. ಮೈಕಿನಲ್ಲಿದ್ದ ವೆಂಕೋಬರಾಯರು ತಕ್ಷಣ ತೆಲುಗಿನಲ್ಲಿ ವಿವರಿಸಿದರು: ಅನಾಥ ದಾಸರು ಹಾಲಿಗಾಗಿ ಅತ್ತಾಗ ಸಾಕ್ಷಾತ್ ಮಹಾಲಕ್ಷ್ಮಿಯೇ ಬಂದು ಈ ತಂಬಿಗೆಯಲ್ಲಿ ಹಾಲು ಕರೆದಳಂತೆ! ಚಪ್ಪಾಳೆಯೋ ಚಪ್ಪಾಳೆ. ಬ್ಯಾಂಕಿನ ಮ್ಯಾನೇಜರ ಹೆಂಡತಿ ನನ್ನ ಎರಡೂ ಕೈ ಹಿಡಿದು, "ಎಂತ ಬಾಗಾ ರಾಶಾರಂಡಿ!" ಎಂದರು. ಎಷ್ಟು ಚೆನ್ನಾಗಿ ಬರೆದಿರಿ ಎಂದು. ಅದು ನಾನು ಬರೆದದ್ದಲ್ಲ ಎಂದು ಹೇಳಲು ನಾಲಿಗೆಯವರೆಗೂ ಬಂದಿತ್ತು. ನುಂಗಿಕೊಂಡು, "ಏದೋ, ಅಲಾ", ಏನೋ ಹೀಗೇ, ಎಂದು ನಾಚಿಕೊಂಡೆ.

ಮೂರನೇ ಸಾಲಿನಲ್ಲಿ ಕೂತಿದ್ದ ಅತ್ತೆ ಎದ್ದು ಹೊರಗೆ ಹೋಗಿದ್ದರು.

ಮರುವಾರದಿಂದ ನಮ್ಮ ಮನೆಗೆ ಹಾಲು ಬರತೊಡಗಿತು. ಗುರುವಾರ, ಶನಿವಾರ ಹೆಂಗಸರು ಬಂದು ತಂಬಿಗೆಗೆ ಹಾಲು ಸುರಿದು, ಕಣ್ಣುಮುಚ್ಚಿ ಕೂರುವರು. ಅರ್ಧ ಗಂಟೆ ಬಿಟ್ಟು ನೋಡಿದರೆ ಹಾಲು ಕಡಿಮೆಯಾಗಿರುತ್ತಿತ್ತು. ದಾಸರು ಕುಡಿದರು! ತಳದ ತೂತಿನ ಸಂಗತಿ ನನಗೆ ಗೊತ್ತಿತ್ತು, ಅತ್ತೆಗೆ ಗೊತ್ತಿತ್ತು, ಮೂಲೆಮನೆಯ ಬೆಕ್ಕಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಆ ವರ್ಷ ಬೀದಿಯಲ್ಲಿ ಅಷ್ಟು ಭಕ್ತಿಯ ಬೆಕ್ಕು ಇನ್ನೊಂದಿರಲಿಲ್ಲ.

ಒಂದು ಗುರುವಾರ ಮ್ಯಾನೇಜರ ಹೆಂಡತಿಯೇ ಬರುವವರಿದ್ದರು. ಅತ್ತೆ ತಂಬಿಗೆಯನ್ನು ಮಡಿಲಲ್ಲಿಟ್ಟುಕೊಂಡು ಬಾಗಿಲಲ್ಲಿ ಕೂತಿದ್ದರು.

"ಇವತ್ತ ಹೇಳ್ತೀನಿ. ತೂತ ಅದ ಅಂತ."

"ಅತ್ತೆ, ದಯವಿಟ್ಟು ಸುಮ್ಮನಿರಿ. ಅವರು ನಂಬಿದ್ದಾರೆ, ನಿಮಗೇನು ನಷ್ಟ?"

"ನನಗೇನು ನಷ್ಟ?" ಅತ್ತೆ ತಂಬಿಗೆಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡರು. "ಇದ್ದದ್ದು ಒಂದs ಮಾತು ನನ್ನ ಹತ್ರ. ನನ್ನ ಪಾಲು ಎಲ್ಲಿ ಅಂತ. ಅದನ್ನೂ ಹಾಲು ಮಾಡಿ ಮಂದಿಗೆ ಕುಡಿಸಿದಿ. ನಾಳೆ ನಾ ಹೋಗಿ ಕೇಳಿದರ ಅವನೂ ಒಂದು ವಾಟಿ ಹಾಲು ಕೊಟ್ಟು ಕಳಸ್ತಾನ. ಭಾಷಾ ಬರದವರು ಬರೀಬಾರದು."

ಭಾಷೆ ಬರದವಳು! ಇಡೀ ವಿಶಾಖಪಟ್ಟಣ ನನ್ನನ್ನು ಹೊಗಳುತ್ತಿರುವಾಗ! ನನಗೆ ತಲೆಗೇರಿದ್ದು ಕೋಪವಲ್ಲ, ಚಪ್ಪಾಳೆ.

"ಭಾಷೆ ಬರದೆ ಇರೋದು ನಿಮಗೆ" ಎಂದೆ. "ಸಿಂಹಾಚಲದಲ್ಲಿ ನಿಮ್ಮನ್ನ ಹಾಡಿ ಅಂತ ಯಾರೂ ಕರೀಲಿಲ್ಲ. ಪದಂಡಿ ಅಂದ್ರೆ ಮುಂದೆ ನಡೀರಿ ಅಂತ. ನಿಮ್ಮನ್ನ ಅಲ್ಲಿಂದ ಕಳಿಸಿದ್ರು, ಅಷ್ಟೆ."

ಅತ್ತೆ ಮಗನ ಕಡೆ ತಿರುಗಿದರು. "ಹೌದೇನೋ?"

ನಮ್ಮವರು ಪೇಪರಿನಲ್ಲಿ ಮುಖ ಹುದುಗಿಸಿದರು. ಒಳ್ಳೆಯವರ ಹಣೆಬರಹವೇ ಅಷ್ಟು.

ಅತ್ತೆ ತಂಬಿಗೆಯನ್ನು ಒರೆಸಿ ಟ್ರಂಕಿನಲ್ಲಿಟ್ಟು ಬೀಗ ಹಾಕಿದರು. ಮರುದಿನ ಬೆಳಿಗ್ಗೆ ದೇವರ ಮನೆಯಲ್ಲಿ ಗಂಟೆಯ ಸದ್ದು ಬಂತು, ಪದ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಯಾರ ಮೇಲಾದರೂ ಕೂಗಾಡಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಅವರು ಮಾಮೂಲಿನಂತೆ ಕಾಫಿ ಕುಡಿದರು, ಅವರೆಕಾಳು ಸುಲಿದರು. ಜೀವಮಾನದಲ್ಲಿ ಒಂದೇ ಒಂದು ಸಲ ದೇವರು ತನ್ನನ್ನು ಮಾತಾಡಿಸಿದ ಎಂದುಕೊಂಡಿದ್ದ ಹೆಂಗಸಿನಿಂದ ನಾನು ಅದನ್ನೂ ಕಿತ್ತುಕೊಂಡಿದ್ದೆ. ಭಾವಂದಿರು ತಂಬಿಗೆಯನ್ನಾದರೂ ಬಿಟ್ಟಿದ್ದರು. ಆ ಮಾತಿಗೆ ಇವತ್ತಿಗೂ ನನಗೆ ನಾಚಿಕೆಯಾಗುತ್ತದೆ.

ಸಂಚಾರ ಮುಂದುವರಿಯಿತು. ಮೈಸೂರು ಬೇಡಿದವಳಿಗೆ ವಿಜಯವಾಡ ಸಿಕ್ಕಿತು. ಕಂಬ ಅಪ್ಪಿಕೊಂಡದ್ದರಲ್ಲಿ ಏನೋ ಲೋಪವಾಗಿರಬೇಕು. ಮೇ ತಿಂಗಳಲ್ಲಿ ವಿಜಯವಾಡದಲ್ಲಿರುವವರಿಗೆ ಬೇರೆ ನರಕದ ಅಗತ್ಯವಿಲ್ಲ, ಕಾದ ಹೆಂಚು ಮನೆಯ ಹೊರಗೇ ಇರುತ್ತದೆ. ಆದರೆ ನನ್ನನ್ನು ಸುಟ್ಟದ್ದು ಬಿಸಿಲಲ್ಲ. ಆ ಊರಿನಲ್ಲಿ ಎಲ್ಲರೂ ಎಲ್ಲಕ್ಕೂ ಪದಂಡಿ ಎನ್ನುತ್ತಿದ್ದರು. ಬಸ್ಸಿನ ಕಂಡಕ್ಟರು ಪದಂಡಿ, ರಿಕ್ಷಾದವನು ಪದಂಡಿ, ಪಡಿತರ ಅಂಗಡಿಯವನು ಪದಂಡಿ. ಅತ್ತೆ ಪ್ರತಿಸಲ ನನ್ನ ಮುಖ ನೋಡುತ್ತಿದ್ದರು. ಬಸ್ಸಿನಲ್ಲಿ ಯಾರೂ ಹಾಡುತ್ತಿರಲಿಲ್ಲ.

ಪದ್ಮನಿಗೆ ಹದಿನಾರಾದ ವರ್ಷ, ಮಾವಿನಹಣ್ಣಿನ ಕಾಲ. ನಾನು ಅಡುಗೆಮನೆಯಲ್ಲಿದ್ದೆ. ಅತ್ತೆ ಹಜಾರದಲ್ಲಿ ಹಣ್ಣು ಹೆಚ್ಚುತ್ತಿದ್ದರು. ಪದ್ಮ ಕಾಲೇಜಿನಿಂದ ಬಂದವಳೇ, "ಅಜ್ಜೀ, ನಾ ವಾಟಾ ಏದಿ?" ಎಂದಳು.

"ವಾಟಾ ಅಂದ್ರ?"

"ವಾಟಾ ಅಂದ್ರೆ... ನಂದು. ಎಲ್ಲರಿಗೂ ಕೊಟ್ಟ ಮೇಲೆ ನನಗೆ ಬರಬೇಕಾದ್ದು."

"ಹಂಗನ್ನು. ನಿನ್ನ ಪಾಲು."

ಹಣ್ಣಿನ ಹೋಳು ತಟ್ಟೆಗೆ ಬಿದ್ದ ಸದ್ದಾಯಿತು. ಆಮೇಲೆ ಪದ್ಮನ ದನಿ, ಬಹಳ ಸಣ್ಣಗೆ: "ಪಾಲು ಅಂದ್ರೆ ಹಾಲು ಕಾದಾ, ಹಾಲಲ್ವಾ, ಅಜ್ಜಿ? ಹಂಗಾದ್ರೆ ಆ ಪದದಲ್ಲಿ..."

ಅತ್ತೆ ಹೇಳಿದರು. ದಾಸರದ್ದನ್ನಲ್ಲ, ತಮ್ಮದನ್ನು. ಹಿಸ್ಸೆಯ ದಿನ ಅಡುಗೆಮನೆಯ ಬಾಗಿಲ ಹಿಂದೆ ಆರು ವರ್ಷದ ಮಗನನ್ನು ಹಿಡಿದುಕೊಂಡು ನಿಂತದ್ದನ್ನು. ಒಬ್ಬೊಬ್ಬರ ಹೆಸರೂ ಬಂತು, ತಮ್ಮ ಹೆಸರು ಬರುತ್ತದೆಂದು ಕಾದದ್ದನ್ನು. ನನಗೆ ಇಷ್ಟು ವರ್ಷ ಹೇಳದ ವಿವರವೆಲ್ಲ ಬಂತು. ನಾನು ಒಲೆಯ ಮುಂದೆ ನಿಂತು ಸಾರು ಸೀಯಲು ಬಿಟ್ಟೆ.

"ನಾನು ಸ್ಟೇಜ್ ಮೇಲೆ ಬೆರಳು ಚೀಪಿದ್ನಲ್ಲ ಅಜ್ಜಿ" ಎಂದು ಪದ್ಮ ಅತ್ತಳು.

"ಕೂಸಿದ್ದಿ. ನಿಂದೇನು ತಪ್ಪು? ಹಣ್ಣು ತಿನ್ನು" ಎಂದರು ಅತ್ತೆ.

ಮುಂದಿನ ವರ್ಷ ಅತ್ತೆ ಬಚ್ಚಲಲ್ಲಿ ಜಾರಿಬಿದ್ದು ಸೊಂಟ ಮುರಿದುಕೊಂಡರು. ಇನ್ನು ಗುಡ್ಡ ಹತ್ತುವ ಮಾತೇ ಇಲ್ಲ. ಅಕ್ಷಯ ತದಿಗೆ ಬಂದಾಗ ಪದ್ಮ ಟ್ರಂಕಿನಿಂದ ತಂಬಿಗೆ ತೆಗೆದು ನನ್ನ ಮುಂದೆ ನಿಂತಳು. "ಅಮ್ಮಾ, ಪದ. ಹೋಗೋಣ" ಅಂದಳು. ತೆಲುಗಿನ 'ಪದ', ನಡೆ ಎಂದು. ಇಬ್ಬರೂ ರೈಲು ಹತ್ತಿದೆವು.

ಸಾಲಿನಲ್ಲಿ ಆರು ಗಂಟೆ ನಿಂತ ಮೇಲೆ, ನೆತ್ತಿಯ ಮೇಲೆ ಸೂರ್ಯ ಬಂದಾಗ, ಗರ್ಭಗುಡಿಯ ಎದುರು ತಲುಪಿದೆವು. ಗಂಧವಿಲ್ಲದ ದೇವರನ್ನು ನಾನು ನೋಡಿದ್ದು ಅದೇ ಮೊದಲು. ಎಷ್ಟು ಚಿಕ್ಕವನು! ಎಷ್ಟೆಲ್ಲ ಮೆತ್ತಿದ್ದೆವಲ್ಲ ಎನಿಸಿತು.

"ಪದಂಡಿ, ಪದಂಡಮ್ಮಾ, ಪದಂಡಿ" ಎಂದಿತು ಒಂದು ದನಿ.

ಸಾಲು ಸರಿಸುತ್ತಿದ್ದ ಸ್ವಯಂಸೇವಕನಿಗಿಂತ ಚೆನ್ನಾಗಿ ತೆಲುಗು ಬರುವ ನನ್ನ ಮಗಳು, ಪದಂಡಿ ಎಂದರೆ ಏನೆಂದು ಎಂಟನೇ ವಯಸ್ಸಿನಿಂದಲೇ ಗೊತ್ತಿದ್ದವಳು, ತಂಬಿಗೆಯನ್ನು ಎದೆಗೊತ್ತಿಕೊಂಡು ನಿಂತಲ್ಲೇ ನಿಂತು ಹಾಡಿದಳು: "ಎನ್ನ ಪಾಲೆಲ್ಲಿಟ್ಟೆ ಸಿಂಹಾದ್ರಿಯೊಡೆಯಾ?" ಆ ಒಂದೇ ಸಾಲು. ಮೊದಲನೆಯದನ್ನು ಅಜ್ಜಿ ಆಗಲೇ ಹಾಡಿಯಾಗಿದೆಯಲ್ಲ ಎಂಬುದು ಅವಳ ಲೆಕ್ಕ. ಹಿಂದಿನವರು ನೂಕಿದರು, ಹೊರಗೆ ಬಂದೆವು. ನಾನು ಅಳುತ್ತಿದ್ದೆ.

ಮನೆಗೆ ಬಂದಾಗ ಅತ್ತೆ ದಿಂಬಿಗೊರಗಿ ಕಾಯುತ್ತಿದ್ದರು.

"ಅಂದಿ?"

"ಅಂದೆ, ಅಜ್ಜಿ."

"ಪೂರಾ?"

"ನೀನು ಉಳಿಸಿದ ಅರ್ಧ."

ಅತ್ತೆ ತಲೆಯಾಡಿಸಿದರು. ಆಮೇಲೆ ಕೇಳಿದರು: "ಅವಾ ಏನಂದಾ?"

ಪದ್ಮ ನನ್ನನ್ನು ನೋಡಿದಳು. ಏನಾದರೂ ಸುಳ್ಳು ಹೇಳೇ ತಾಯಿ ಎಂದು ನಾನು ಕಣ್ಣಲ್ಲೇ ಬೇಡಿದೆ. ನಾಟಕ ಬರೆದವಳಿಗೆ ಒಂದು ಪವಾಡ ಹೊಳೆಯದೆ ಇರುತ್ತದೆಯೇ? ದೀಪ ಅಲ್ಲಾಡಿತು ಎನ್ನು, ಹೂ ಬಿತ್ತು ಎನ್ನು.

"ಪದಂಡಿ ಅಂದ್ರು, ಅಜ್ಜಿ" ಎಂದಳು ಪದ್ಮ.

ಅತ್ತೆ ನನ್ನ ಮುಖವನ್ನೇ ನೋಡುತ್ತಿದ್ದರು. ಹತ್ತು ವರ್ಷ ಆಂಧ್ರದಲ್ಲಿದ್ದು, ಸಾವಿರ ಸಲ ಆ ಮಾತು ಕೇಳಿದವರು. ನೋಡುತ್ತ ನೋಡುತ್ತ ಅವರ ಹಲ್ಲಿಲ್ಲದ ಬಾಯಿ ಅಗಲವಾಯಿತು.

"ಕೇಳಿದೇನs?" ಎಂದರು ನನಗೆ. "ಇನ್ನೊಮ್ಮೆ ಪದಾ ಅನ್ರಿ ಅಂದಾನ. ಅನ್ನು ತಂಗಿ, ಅನ್ನು. ಏ, ನೀನೂ ಬಾ."

ಪದ್ಮ ಶುರುಮಾಡಿದಳು. ಅತ್ತೆ ದನಿಗೂಡಿಸಿದರು, ಏಳು ವರ್ಷದ ಮೇಲೆ. ನಾನೂ ಹಾಡಿದೆ, ನನ್ನ ಮೈಸೂರಿನ ಕನ್ನಡದಲ್ಲಿ. ಈ ಸಲ ಎರಡೂ ಸಾಲು. ನಡುವೆ ಯಾರೂ ನೂಕಲಿಲ್ಲ.